ನಂಬರ್ ಹೇಳಿ

ಆ ಮೇಲ್ ಬಂದದ್ದು ಮೇ ತಿಂಗಳ ಕೊನೆಗೆ,
ಬೆಳಗಿನ ಪ್ಯಾಸೆಂಜರು ಅಂಕೋಲಾ ಬಿಟ್ಟ ಹೊತ್ತು:
'ಮುಂಗಾರು ವೇಳಾಪಟ್ಟಿ. ಪರಿಷ್ಕೃತ. ತುರ್ತು.'
ಕಟ್ಟಿಂಗಿನ ಕಲ್ಲು ಉರುಳೀತೆಂದು ಮಳೆಗಾಲಕ್ಕೆ
ನಮ್ಮ ಗಾಡಿಗಳು ಬಸುರಿಯರ ಹಾಗೆ ನಡೆಯುತ್ತವೆ.
ವರ್ಷವೂ ಬರುವ ಕಾಗದವೇ ಅಲ್ಲವೇ ಎಂದು
ಚಾ ಲೋಟ ಎಡಗೈಲಿ ಹಿಡಿದೇ ಒತ್ತಿದೆ.

ಪರದೆ ಒಂದು ಗಳಿಗೆ ಬೆಳ್ಳಗಾಗಿ
ಅಕ್ಷರ ಮೂಡಿದವು:
'ಇದು ಪರೀಕ್ಷೆ. ನೀವು ಗಾಳಕ್ಕೆ ಬಿದ್ದಿದ್ದೀರಿ.'

ಗಾಳ!
ಹಾರವಾಡದ ಹರಿಕಂತ್ರರ ಕೇರಿಯಲ್ಲಿ ಹುಟ್ಟಿ
ಅಪ್ಪನ ಗಾಳಕ್ಕೆ ಶೆಟ್ಲಿ ಸಿಕ್ಕಿಸಿಕೊಟ್ಟು ಬೆಳೆದವಳಿಗೆ
ಸರ್ಕಾರ ಬರೆದ ಮಾತು.

ಕಾರವಾರದಲ್ಲಿ ಮೂರು ದಿನ ತರಗತಿ. ಬಿದ್ದವರು ನಾವು ಹದಿನಾಲ್ಕು ಮಂದಿ,
ಭಟ್ಕಳದ ಟಿಕೆಟ್ ಗುಮಾಸ್ತನಿಂದ ಹಿಡಿದು.
ಪಾಠ ಹೇಳಿದವ ಸದಾಶಿವಗಡದ ಪೆಡ್ನೇಕರ್ ಹುಡುಗ,
ಇನ್ನೂ ಗಡ್ಡ ಕೂಡ ಒಪ್ಪಿಕೊಂಡಿಲ್ಲ ಅವನನ್ನು.
ಗೇಟು, ಸಿಗ್ನಲ್ಲು, ಟಿಕೆಟ್ಟು, ಪ್ಲಾಟ್‌ಫಾರ್ಮಿನ ಬೋರ್ಡು,
ಗುಡ್ಡಕ್ಕೆ ಕಟ್ಟಿದ ತಂತಿ, ಸೇತುವೆಗೆ ಕಟ್ಟಿದ ನೀರಿನ ಅಳತೆ,
ಎಲ್ಲ ಈಗ ಒಂದೇ ಬಲೆ ಮೇಡಂ, ಅಂದ.
ಬಲೆ ನನಗೆ ಗೊತ್ತು ಮಗನೇ.
ಅದು ಹರಿಯುವುದು ಮೀನಿನಿಂದ ಕಡಿಮೆ,
ಬಂಡೆ ಇದೆಯೆಂದು ಗೊತ್ತಿದ್ದೂ
ಅಲ್ಲೇ ಬೀಸಿದ್ದರಿಂದ ಹೆಚ್ಚು.

ಎರಡನೇ ದಿನ ಅವನು ಕೇಳಿದ್ದು ಮಾತ್ರ ಒಳಗೆ ಇಳಿಯಿತು:
ಎಲ್ಲೋ ಕೂತವನೊಬ್ಬ
ನಿಮ್ಮ ಗುಡ್ಡಕ್ಕೆ ಸುಳ್ಳು ಹೇಳಲು ಕಲಿಸಿದರೆ?
ಮಣ್ಣು ಜಾರುತ್ತಿರುತ್ತದೆ,
ಪರದೆ ಮೇಲೆ ಗುಡ್ಡ ಹಸಿರು ದೀಪ ಹಚ್ಚಿಕೊಂಡು
'ಕ್ಷೇಮ' ಅನ್ನುತ್ತಿರುತ್ತದೆ.
ಆಗ?

ಯಾರೂ ಮಾತಾಡಲಿಲ್ಲ. ಫ್ಯಾನು ತಿರುಗಿತು.
ನನಗೆ ಹಮ್ಮು ಗೌಡನ ನೆನಪಾಯಿತು.

ಹಮ್ಮು ನಮ್ಮ ಗೇಟಿನವ. ಹಾಲಕ್ಕಿ.
ಕಂಪ್ಯೂಟರ್ ಮುಟ್ಟಿದವನಲ್ಲ, ಅದಕ್ಕೂ ಅವನ ಗುರುತಿಲ್ಲ.
ಅವನ ಬಳಿ ಒಂದು ಫೋನು,
ಬೀಗದ ಪೆಟ್ಟಿಗೆಯಲ್ಲೊಂದು ಹಾಳೆ,
ಹಾಳೆ ತುಂಬ ಎರಡಂಕಿಯ ನಂಬರು.
ನನ್ನ ಬಳಿಯೂ ಒಂದು ಹಾಳೆ, ಬೇರೆಯದು.
ಆಡಿದ ಮಾತಿಗೆ ಒಂದು ನಂಬರು ಜಾಮೀನು,
ಕೊಟ್ಟ ಮೇಲೆ ಗೀಟು, ಪಕ್ಕದಲ್ಲಿ ಗಾಡಿ, ಗಂಟೆ.
ಸತ್ತ ನಂಬರು ಮತ್ತೆ ಏಳುವಂತಿಲ್ಲ.

ಒಂದು ಆಷಾಢದ ರಾತ್ರಿ, ನೆಗಡಿಯಲ್ಲಿ ಗಂಟಲು ಕಟ್ಟಿತ್ತು,
ಗೇಟಿನಾಚೆ ಬರ್ಫದ ಲಾರಿ ಹಾರ್ನ್ ಹಾಕುತ್ತಿತ್ತು.
ಹಮ್ಮು, ಗಾಡಿ ತಡ, ಗೇಟು ತೆಗಿ, ಅಂದೆ.
'ನಂಬರ್ ಹೇಳಿ.'
ನಾನೇ ಮಾರಾಯ, ಸುಗಂಧಕ್ಕ.
'ಹೌದೇನೋ. ನಂಬರ್ ಹೇಳಿ.'
ನಿನ್ನ ಮಗಳ ಮದುವೆಗೆ ಬಂದವಳು ಕಣೋ!
'ಬಂದಿರಿ, ಕರಿ ಇಶಾಡ ಬುಟ್ಟಿ ತಂದಿರಿ, ಉಂಡಿರಿ.
ಅದೆಲ್ಲ ಮದುವೆಮನೆ ಲೆಕ್ಕ ಅಕ್ಕೋರೆ,
ಇದು ಗೇಟು.'

ಆವತ್ತು ಬೈದೆ ಅವನನ್ನು. ಬೈಯುತ್ತಲೇ ಹಾಳೆ ಹುಡುಕಿದೆ.

ಮೂರನೇ ದಿನ ಇದನ್ನು ಪೆಡ್ನೇಕರ್‌ಗೆ ಹೇಳಿದರೆ
ಹುಡುಗ ಬರೆಯುವ ಪೆನ್ನು ನಿಲ್ಲಿಸಿ,
'ಇದನ್ನೇ ನಾವು ಆರು ತಿಂಗಳಿಂದ
ಯಂತ್ರಕ್ಕೆ ಕಲಿಸುತ್ತಿರುವುದು' ಅಂದ.
ಯಂತ್ರ ಕಲಿಯುತ್ತಿದೆಯಾ?
'ಸ್ವಲ್ಪ. ಆದರೆ ಮನುಷ್ಯರು ಮರೆಯುತ್ತಿದ್ದಾರೆ.'

ಈಗ ಮಳೆ. ಗುಡ್ಡ ಕ್ಷೇಮ ಅನ್ನುತ್ತಿದೆ ಪರದೆ ಮೇಲೆ.
ನಂಬಿದ್ದೇನೆ, ಮುಕ್ಕಾಲು.
ಉಳಿದ ಕಾಲು ಪಾಲು ಬೀರಪ್ಪ ಆಗೇರನದು,
ಅವನು ಲಾಟೀನು, ಪಟಾಕಿ, ಕೆಂಪು ಬಾವುಟ ಹೊತ್ತು
ಹಳಿಗುಂಟ ನಡೆಯುತ್ತಿದ್ದಾನೆ,
ಗುಡ್ಡದ ಕೆಂಪು ಮೈಗೆ ಬೆಳಕು ಹಿಡಿದು
ಅಲ್ಲಲ್ಲಿ ನಿಂತು ಕೇಳುತ್ತಾನೆ. ಏನು ಕೇಳುತ್ತಾನೋ.
ಅವನ ಪುಸ್ತಕ ಒದ್ದೆಯಾಗಿ ಬರುತ್ತದೆ,
ನಾನು ಸಹಿ ಹಾಕಿ ಒಲೆ ಹತ್ತಿರ ಒಣಗಿಸುತ್ತೇನೆ.

ಅಂದಹಾಗೆ ಪಾಸ್‌ವರ್ಡು ಬದಲಿಸಿದೆ.
ಮೊದಲಿನದು ಮೇಜಿನ ಗಾಜಿನಡಿ ಚೀಟಿಯಲ್ಲಿ
ಎಂಟು ವರ್ಷ ಬಾಳಿತ್ತು, ಚಾ ಕುಡಿಯಲು ಬಂದವರೆಲ್ಲ ಓದಿದ್ದರು.
ಹೊಸದು ಉದ್ದ ಇದೆ. ಎಲ್ಲೂ ಬರೆದಿಲ್ಲ.
ಅದರಲ್ಲೊಂದು ಮೀನಿದೆ ಎಂದಷ್ಟೇ ಹೇಳಬಲ್ಲೆ.

ಛೇ,
ಅಷ್ಟನ್ನೂ ಹೇಳಬಾರದಿತ್ತು.